ಬಂದ ದಾರಿಗೆ ಸುಂಕ

ಹೋದ ದಾರಿಯಲ್ಲೇ ವಾಪಸ್ ಬಂದರೆ ಏನು ಗಂಟು ಹೋಗುತ್ತದೆ, ನೀವೇ ಹೇಳಿ. ಹಾಲು ತರಲು ಹೋದವರು ಅದೇ ರಸ್ತೆಯಲ್ಲಿ ಮನೆಗೆ ಬರುತ್ತಾರೆ. ಬೆಳಗ್ಗೆ ಸಿಲ್ಕ್ ಬೋರ್ಡಿನಲ್ಲಿ ಸಿಕ್ಕಿಹಾಕಿಕೊಂಡವರು ಸಂಜೆಯೂ ಅಲ್ಲೇ ಸಿಕ್ಕಿಹಾಕಿಕೊಳ್ಳುತ್ತಾರೆ. ಯಾರೂ ಇದನ್ನು ಅವಮಾನ ಅಂದುಕೊಂಡಿಲ್ಲ. ನಮ್ಮ ಅಪಾರ್ಟ್‌ಮೆಂಟಿನ ಸೈಕಲ್ ಗ್ರೂಪಿನ ಕ್ಯಾಪ್ಟನ್ ಒಬ್ಬರನ್ನು ಬಿಟ್ಟು. ನಿನ್ನೆ ರಾತ್ರಿ ಹನ್ನೊಂದೂವರೆಗೆ ಅವರಿಂದ ಇನ್ನೊಂದು ಮ್ಯಾಪ್ ಬಂತು. ಕೆಳಗೆ ಒಂದು ಸಾಲು: "ಭಾನುವಾರ ಬೇಡ. ಇನ್ನೂ ಒಂದು ಕಡೆ ಬಾಲ ಇದೆ."

ಬಾಲ ಅಂದರೆ ಹೋಗುವಾಗ ತುಳಿದ ರಸ್ತೆಯನ್ನೇ ಬರುವಾಗಲೂ ತುಳಿಯುವ ತುಂಡು. ಲೂಪ್ ಅಂದರೆ ಪೂರ್ತಿ ಲೂಪ್ ಇರಬೇಕು, ಬಾಲ ಇರಬಾರದು ಅನ್ನುವುದು ಅವರ ವ್ರತ. ಮ್ಯಾಪಿನಲ್ಲಿ ಅಂಗೈಯಗಲ ರಸ್ತೆ ಎರಡು ಸಲ ಬಂದರೂ ಅನ್ನದಲ್ಲಿ ಕಲ್ಲು ಸಿಕ್ಕವರ ಹಾಗೆ ಮುಖ ಮಾಡುತ್ತಾರೆ. ನಮ್ಮ ಕಾಂಪೌಂಡಿಂದ ಹೊರಡುವುದು ಮುಂದಿನ ಗೇಟಿನಿಂದ. ವಾಪಸ್ ಬರುವುದು ಹಿಂದಿನ ಗೇಟಿನಿಂದ. ಹಿಂದಿನ ಗೇಟು ಕಸದ ಗಾಡಿಯದ್ದು. ಆದರೂ ಪರವಾಗಿಲ್ಲ, ಮ್ಯಾಪಿನಲ್ಲಿ ಗೆರೆ ಚೆಂದ ಬರುತ್ತದೆ.

ಈ ಸಲ ಹೋಗಬೇಕಿದ್ದದ್ದು ಕೋಲಾರದ ಚಿನ್ನದ ಗಣಿಯ ಕಡೆಗೆ. ನಂದಿಬೆಟ್ಟ ಸಾಕಾಗಿತ್ತು. ಭಾನುವಾರ ಬೆಳಗ್ಗೆ ಅಲ್ಲಿ ಹಕ್ಕಿಗಿಂತ ಹೆಲ್ಮೆಟ್ ಜಾಸ್ತಿ. ಕೆಜಿಎಫ್ ನಮಗೆ ನೂರು ಕಿಲೋಮೀಟರ್ ಆಸುಪಾಸು. ಬಂಗಾರಪೇಟೆ ತನಕ ಕಾರಿನ ಬೆನ್ನಿಗೆ ಸೈಕಲ್ ಕಟ್ಟಿಕೊಂಡು ಹೋಗುವುದು. ಅಲ್ಲಿಂದ ಹೈದರಾಲಿ ಹುಟ್ಟಿದ ಬೂದಿಕೋಟೆ, ಕಾಮಸಮುದ್ರ, ಕೆಜಿಎಫ್, ಕಮ್ಮಸಂದ್ರದ ಕೋಟಿಲಿಂಗ, ಆಮೇಲೆ ಪಾಲಾರ್ ನದಿಯ ಬೇತಮಂಗಲದ ಕೆರೆ. ಸುತ್ತು ಮುಗಿಸಿ ಮತ್ತೆ ಬಂಗಾರಪೇಟೆ, ಬಣ್ಣವೇ ಇಲ್ಲದ ಪಾನಿಯ ಅಲ್ಲಿನ ಪಾನಿಪುರಿ. ಸತ್ಯ ಹೇಳಬೇಕೆಂದರೆ ನಮ್ಮಲ್ಲಿ ಅರ್ಧ ಜನ ಹೂಂ ಅಂದದ್ದು ಪಾನಿಪುರಿಗೆ.

ಗ್ರೂಪಿನಲ್ಲಿ ಕೆಜಿಎಫ್‌ನ ಊರ್ಗಾಂನಲ್ಲೇ ಹುಟ್ಟಿ ಬೆಳೆದವರೊಬ್ಬರಿದ್ದಾರೆ. ತಂದೆ ಗಣಿಯಲ್ಲಿ ಕೆಲಸ ಮಾಡಿದವರು. ಸಹಜವಾಗಿ ಅವರನ್ನು ಕೇಳಿ ಪ್ಲ್ಯಾನ್ ಮಾಡಬೇಕಿತ್ತು. ಆದರೆ ಕ್ಯಾಪ್ಟನ್‌ಗೆ ಮನುಷ್ಯರಿಗಿಂತ ಸ್ಯಾಟಲೈಟ್ ಮೇಲೆ ನಂಬಿಕೆ. ಆನ್‌ಲೈನ್ ಮೀಟಿಂಗ್ ಕರೆದರು. ಶುರುವಾಗುವ ಹೊತ್ತಿಗೆ ಸರಿಯಾಗಿ ನಮ್ಮ ಏರಿಯಾದಲ್ಲಿ ಕರೆಂಟ್ ಹೋಯಿತು. ಊರ್ಗಾಂನವರು ಮೊಬೈಲಿನ ಬೆಳಕಲ್ಲೇ ನಕ್ಕರು. ನಗುವ ಹಕ್ಕು ಅವರಿಗಿದೆ. ಶಿವನಸಮುದ್ರದ ಕರೆಂಟು 1902ರಲ್ಲಿ ಮೊದಲು ಹೋದದ್ದು ಅವರ ಊರಿನ ಗಣಿಗೆ. ಬೆಂಗಳೂರಿಗೆ ದೀಪ ಬಂದದ್ದು 1905ರಲ್ಲಿ. ಕೆಲವು ಸಂಜೆ ಇನ್ನೂ ಪೂರ್ತಿ ಬಂದಿಲ್ಲವೇನೋ ಅನ್ನಿಸುತ್ತದೆ.

ಕರೆಂಟ್ ಬಂದ ಮೇಲೆ ಕ್ಯಾಪ್ಟನ್ ಸ್ಕ್ರೀನ್ ತೋರಿಸಿದರು. ಕೆಂಪು ಗೆರೆ ಎಲ್ಲೂ ತನ್ನನ್ನು ತಾನು ಮುಟ್ಟದೆ ಸುತ್ತಿ ಬಂದಿತ್ತು. ಮುಖದಲ್ಲಿ ಮದುವೆ ಮಾಡಿ ಮುಗಿಸಿದ ಕಳೆ.

"ಕಾಮಸಮುದ್ರದ ಕಡೆ ಆನೆ ಬರುತ್ತವೆ ಸಾರ್" ಅಂದರು ಊರ್ಗಾಂನವರು.

"ಎಷ್ಟು ಗಂಟೆಗೆ?"

ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಸ್ಕ್ರೀನಿನ ಹತ್ತಿರ ಬಗ್ಗಿ, "ಈ ಗೆರೆ ಇಲ್ಲಿ ಬಿಳೀ ಜಾಗದ ಮೇಲೆ ಹೋಗಿದೆಯಲ್ಲ, ಅದೇನು?" ಅಂತ ಕೇಳಿದರು.

ಕ್ಯಾಪ್ಟನ್ ಕಾಯುತ್ತಿದ್ದ ಪ್ರಶ್ನೆಯೇ ಅದು. "ಅಲ್ಲೇ ಇರೋದು ನೋಡಿ ಮಜಾ! ಬಾಲ ಕತ್ತರಿಸಿದ್ದೇ ಅಲ್ಲಿ. ರಸ್ತೆ ತೋರಿಸ್ತಿಲ್ಲ, ಆದ್ರೆ ಖಾಲಿ ಬಯಲು. ಗಿಡ ಇಲ್ಲ, ಮನೆ ಇಲ್ಲ. ನೀಟಾಗಿದೆ."

"ಸಾರ್, ಅದು ಸೈನೈಡ್ ಗುಡ್ಡ."

ಯಾರೂ ಮಾತಾಡಲಿಲ್ಲ. ಊರ್ಗಾಂನವರೇ ಬಿಡಿಸಿ ಹೇಳಿದರು. ಗಣಿಯಿಂದ ಬಂದ ಕಲ್ಲನ್ನು ಪುಡಿ ಮಾಡಿ, ಸೈನೈಡ್ ದ್ರಾವಣದಲ್ಲಿ ಚಿನ್ನ ಕರಗಿಸಿ ತೆಗೆದುಕೊಂಡು, ಉಳಿದದ್ದನ್ನು ಹೊರಗೆ ಸುರಿದರು. ನೂರು ವರ್ಷಕ್ಕೂ ಹೆಚ್ಚು ಕಾಲ ಸುರಿದರು. ಈಗ ಅಲ್ಲಿ ಮೂರು ಕೋಟಿ ಟನ್ನಿಗೂ ಜಾಸ್ತಿ ಪುಡಿ ಗುಡ್ಡಗಳಾಗಿ ನಿಂತಿದೆ. ಗಾಳಿ ಎದ್ದರೆ ಧೂಳು ಮನೆಯೊಳಗೆ ಬರುತ್ತದೆ. ಒಣಗಿಸಿದ ಬಟ್ಟೆ ಮೇಲೆ, ಮುಚ್ಚಳ ಮರೆತ ಪಾತ್ರೆಯೊಳಗೆ.

ಕ್ಯಾಪ್ಟನ್ ಎಲ್ಲ ಗಮನವಿಟ್ಟು ಕೇಳಿದರು. ಗಡ್ಡ ಕೆರೆದುಕೊಂಡರು. ನಾವೆಲ್ಲ ಸದ್ಯ, ಗೆರೆ ಬದಲಾಯಿಸುತ್ತಾರೆ ಅಂದುಕೊಂಡೆವು.

"ಸರ್ಫೇಸ್ ಹೇಗಿದೆ?" ಅಂದರು.

"ಏನು ಸಾರ್?"

"ಅಲ್ಲ, ನಮ್ದು 28 ಎಂಎಂ ಟೈರು. ಹೂತ್ಕೊಳ್ಳುತ್ತಾ? 32 ಹಾಕ್ಕೊಂಡ್ರೆ?"

ಊರ್ಗಾಂನವರು ಮ್ಯೂಟ್ ಮಾಡಿಕೊಂಡರು. ತುಟಿ ಮಾತ್ರ ಅಲ್ಲಾಡುತ್ತಿತ್ತು. ಅವರು ತಮಿಳಲ್ಲಿ ಏನೋ ಅಂದಿರಬೇಕು. ಕನ್ನಡದಲ್ಲಿ ಅಂದಿದ್ದರೂ ಇಲ್ಲಿ ಬರೆಯುವಂಥದ್ದು ಆಗಿರುತ್ತಿರಲಿಲ್ಲ.

ಅಷ್ಟಕ್ಕೇ ನಿಲ್ಲಲಿಲ್ಲ. ಗುಡ್ಡಕ್ಕೆ ಕಾಲುದಾರಿ ಇದೆಯಾ, ಇಳಿದು ಸೈಕಲ್ ಹೆಗಲ ಮೇಲೆ ಹೊತ್ತರೆ ಲೂಪ್ ಅನ್ನಿಸಿಕೊಳ್ಳುತ್ತದಾ, ಮಾಸ್ಕ್ ಹಾಕಿದರೆ ಸಾಕಾ, ಹೀಗೆ ಅರ್ಧ ಗಂಟೆ. ಕೊನೆಗೆ ಗುಡ್ಡ ಕೈಬಿಟ್ಟದ್ದು ವಿಷಕ್ಕೆ ಹೆದರಿ ಅಲ್ಲ. ಹೊತ್ತುಕೊಂಡು ನಡೆದರೆ ಆವರೇಜ್ ಸ್ಪೀಡ್ ಬೀಳುತ್ತದೆ ಅಂತ.

ಇನ್ನೊಂದು ಕೊರಗು ಅವರಿಗೆ: ಆ ಕಡೆ ಏರು ಕಡಿಮೆಯಂತೆ. ಆ್ಯಪಿನಲ್ಲಿ ಎಲಿವೇಷನ್ ಗ್ರಾಫ್ ಚಪ್ಪಟೆಯಾಗಿ ಬರುತ್ತದಂತೆ. ನಂದಿಬೆಟ್ಟದ ತುದಿ ಸಮುದ್ರಮಟ್ಟದಿಂದ 1,478 ಮೀಟರ್. ಚಾಂಪಿಯನ್ ರೀಫ್ ಗಣಿ ನೆಲದಿಂದ ಕೆಳಕ್ಕೆ ಸುಮಾರು 3,200 ಮೀಟರ್. ಊರ್ಗಾಂನವರ ತಂದೆ ಕೇಜಿನಲ್ಲಿ ಇಳಿದು, ಪಾಳಿ ಮುಗಿಸಿ, ಅದೇ ಬಾವಿಯಲ್ಲಿ ಮೇಲೆ ಬರುತ್ತಿದ್ದರು. ಕಟ್ಟಾ ಬಾಲ. ಅದಕ್ಕೆ ಯಾವ ಆ್ಯಪೂ ಮೆಡಲ್ ಕೊಟ್ಟಿಲ್ಲ.

ಗಣಿ ಮುಚ್ಚಿದ್ದು 2001ರ ಫೆಬ್ರವರಿ 28ಕ್ಕೆ. ಊರು ಅಲ್ಲೇ ಉಳಿಯಿತು, ಕೆಲಸ ಬೆಂಗಳೂರಿಗೆ ಬಂತು. ಬಂಗಾರಪೇಟೆಯಿಂದ ಗಣಿಗೆ ಅಂತಲೇ 1894ರಲ್ಲಿ ಹಾಕಿದ ರೈಲು ಹಳಿ ಇವತ್ತಿಗೂ ಮಾರಿಕುಪ್ಪಂನಲ್ಲಿ ಮುಗಿಯುತ್ತದೆ. ಜನ ಬೆಳಕು ಹರಿಯುವ ಮುಂಚೆ ಅಲ್ಲಿ ರೈಲು ಹತ್ತಿ ಬೆಂಗಳೂರಿಗೆ ಬರುತ್ತಾರೆ. ಕತ್ತಲಾದ ಮೇಲೆ ಅದೇ ಹಳಿಯ ಮೇಲೆ ವಾಪಸ್. ನಮ್ಮ ಅಪಾರ್ಟ್‌ಮೆಂಟಿನ ಸೆಕ್ಯೂರಿಟಿಯವರಲ್ಲೂ ಒಬ್ಬರು ಆ ಕಡೆಯವರು. ಕ್ಯಾಪ್ಟನ್ ಹೊಸ ಸೈಕಲ್ಲಿನ ಬೆಲೆ ಹೇಳಿದ ದಿನ ಅವರು ಏನೂ ಅನ್ನಲಿಲ್ಲ. ಟೈರನ್ನು ಒಮ್ಮೆ ಒತ್ತಿ ನೋಡಿದರು, ಅಷ್ಟೇ.

ಇವತ್ತು ಬೆಳಗ್ಗೆ ಊರ್ಗಾಂನವರು ಗ್ರೂಪಿನಲ್ಲಿ ಬರೆದರು: "ಭಾನುವಾರ ಅಮ್ಮನ ಮನೆಗೆ ಹೋಗ್ತಿದ್ದೀನಿ. ಸೈಕಲ್ ಇಲ್ಲದೆ ಸುಮ್ನೆ ಬರೋರು ಬನ್ನಿ. ರೈಲಲ್ಲಿ ಹೋಗಿ, ಊಟ ಮಾಡಿ, ಊರು ನೋಡಿ, ರೈಲಲ್ಲೇ ಬರೋಣ." ಎಲ್ಲರೂ ಹೆಬ್ಬೆಟ್ಟು ಎತ್ತಿದರು. ನಾನು ಎರಡು ಎತ್ತಿದೆ. ಇಷ್ಟು ಬೇಗ ಈ ಗ್ರೂಪಿನಲ್ಲಿ ಏನೂ ತೀರ್ಮಾನ ಆದದ್ದಿಲ್ಲ.

ಕ್ಯಾಪ್ಟನ್ "ಟೈಪಿಂಗ್" ಅಂತ ಬಹಳ ಹೊತ್ತು ತೋರಿಸುತ್ತಿತ್ತು. ಆಮೇಲೆ ಮೆಸೇಜು ಬಂತು.

"ಒಳ್ಳೇ ಐಡಿಯಾ. ಹೋಗೋದು ಈ ಲೈನಲ್ಲಿ ಸರಿ. ಬರೋಕೆ ಮಾರಿಕುಪ್ಪಂನಿಂದ ಬೇರೆ ಲೈನ್ ಯಾವುದಿದೆ?"