ಹೊಸ ಮೋಟರ್ ತರುವ ಮೊದಲು ಗಾಜಿನ ಜಾಡು ನೋಡಿ

ಹೋದ ವಾರ ಕಾರಿನ ಮುಂದಿನ ಎಡಗಡೆ ಬಾಗಿಲಿಗೆ ಪವರ್ ವಿಂಡೋ ಮೋಟರ್ ಹಾಕಿದೆ. ಇದೇ ಬಾಗಿಲಿಗೆ ಇದು ಎರಡನೇ ಸಲ. ಮೊದಲು ಹಾಕಿದ್ದು ವರ್ಷ ತುಂಬುವುದರೊಳಗೆ ಕೈಕೊಟ್ಟಿತು. ಮಾಲೇ ಸರಿಯಿಲ್ಲ ಅಂತ ಬೈದುಕೊಂಡೆ. ಬಾಗಿಲು ಬಿಚ್ಚಿದಾಗ ಗೊತ್ತಾಯಿತು, ತಪ್ಪು ನನ್ನದೇ.

ಗಾಜು ಅರ್ಧಕ್ಕೆ ಇಳಿದು ನಿಂತಾಗ ಆಗುವ ಸಂಕಟ ಅನುಭವಿಸಿದವರಿಗೇ ಗೊತ್ತು. ಮೇಲೆ ಮೋಡ, ಕೆಳಗೆ ತೆರೆದ ಕಿಟಕಿ. ಕೈಯಲ್ಲಿ ಎತ್ತಿದರೂ ಬರುವುದಿಲ್ಲ. ಮೋಟರಿನ ಜೊತೆ ಒಂದು ವರ್ಮ್ ಗೇರ್ ಇರುತ್ತದೆ. ಮೋಟರ್ ತಿರುಗಿದರೆ ಗಾಜು ಓಡುತ್ತದೆ, ಆದರೆ ಗಾಜು ತಳ್ಳಿದರೆ ಮೋಟರ್ ತಿರುಗುವುದಿಲ್ಲ. ಕಳ್ಳ ಗಾಜನ್ನು ಒತ್ತಿ ಇಳಿಸದಂತೆ ಇದೇ ತಡೆಯುತ್ತದೆ. ಓನರಿಗೂ ಅದೇ ನ್ಯಾಯ!

ಗಾಜು ನಿಂತ ತಕ್ಷಣ ಮೋಟರ್ ಹೋಯಿತು ಅಂತ ತೀರ್ಮಾನಿಸಬೇಡಿ. ಮೊದಲು ಫ್ಯೂಸ್ ನೋಡಿ. ಆಮೇಲೆ ಸ್ವಿಚ್ ಒತ್ತಿ, ಒಳಗಿನ ಲೈಟ್ ಗಮನಿಸಿ. ಅದು ಸ್ವಲ್ಪ ಮಂಕಾದರೆ ಮೋಟರಿಗೆ ಕರೆಂಟ್ ಹೋಗುತ್ತಿದೆ, ಎಲ್ಲೋ ಬಿಗಿಯಾಗಿ ಹಿಡಿದುಕೊಂಡಿದೆ ಅಂತ ಅರ್ಥ. ಏನೂ ಆಗದಿದ್ದರೆ, ಸ್ವಿಚ್ ಒತ್ತಿ ಹಿಡಿದು ಬಾಗಿಲಿಗೆ ಅಂಗೈಯಲ್ಲಿ ಒಂದೆರಡು ಗುದ್ದು ಕೊಡಿ. ಗಾಜು ಓಡಿತಾ? ಹಾಗಾದರೆ ಬಹುಮಟ್ಟಿಗೆ ಕಾರ್ಬನ್ ಬ್ರಷ್, ಅಂದರೆ ಮೋಟರಿನ ತಿರುಗುವ ಭಾಗಕ್ಕೆ ಕರೆಂಟ್ ಮುಟ್ಟಿಸುವ ಸಣ್ಣ ತುಂಡು, ಸವೆದಿದೆ. ಎರಡೇ ವೈರಿನ ಸಾದಾ ಮೋಟರ್ ಆದರೆ ಮಲ್ಟಿಮೀಟರ್ ಇಟ್ಟು ನೋಡಬಹುದು. ಏರಿಸುವಾಗ ಸುಮಾರು 12 ವೋಲ್ಟ್, ಇಳಿಸುವಾಗ ಅದೇ 12 ಉಲ್ಟಾ ಬರಬೇಕು. ಬರದಿದ್ದರೆ ಮೋಟರಿನದು ತಪ್ಪಲ್ಲ. ಸ್ವಿಚ್ ಹೋಗಿರಬಹುದು, ಇಲ್ಲವೇ ಬಾಗಿಲಿಗೂ ಬಾಡಿಗೂ ನಡುವೆ ಇರುವ ರಬ್ಬರ್ ಕೊಳವೆಯೊಳಗೆ ವೈರ್ ತುಂಡಾಗಿರಬಹುದು. ಬಾಗಿಲು ತೆಗೆದು ಹಾಕಿದಾಗಲೆಲ್ಲ ಮಡಚುವ ಜಾಗ ಅದು.

ಬಿಚ್ಚುವ ಕೆಲಸ ಕಷ್ಟವೇನಲ್ಲ, ತಾಳ್ಮೆ ಬೇಕು ಅಷ್ಟೇ. ಬ್ಯಾಟರಿಯ ನೆಗೆಟಿವ್ ತೆಗೆದಿಡಿ. ಹ್ಯಾಂಡಲ್ ಹಿಂದೆ, ಸಣ್ಣ ಮುಚ್ಚಳದ ಕೆಳಗೆ ಸ್ಕ್ರೂ ಅಡಗಿರುತ್ತದೆ. ಅದನ್ನು ನೋಡದೆ ಪ್ಯಾನೆಲ್ ಎಳೆದರೆ ಪ್ಲಾಸ್ಟಿಕ್ ಸೀಳುತ್ತದೆ. ಎಷ್ಟೇ ಹುಷಾರಾಗಿದ್ದರೂ ಎರಡು ಕ್ಲಿಪ್ ಮುರಿಯುತ್ತವೆ, ಮೊದಲೇ ತಂದಿಟ್ಟುಕೊಳ್ಳಿ. ಪ್ಯಾನೆಲ್ ಹಿಂದಿನ ಪ್ಲಾಸ್ಟಿಕ್ ಹಾಳೆಯನ್ನು ಸುಮ್ನೆ ಹರಿದು ಬಿಸಾಡುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಬಾಗಿಲೊಳಗೆ ಇಳಿದ ಮಳೆನೀರು ಕಾರಿನೊಳಗೆ ಬರದಂತೆ ತಡೆಯುವುದೇ ಅದು. ಅಂಟು ಸಮೇತ ನಿಧಾನವಾಗಿ ಬಿಡಿಸಿ, ಮತ್ತೆ ಹಾಗೇ ಅಂಟಿಸಬೇಕು.

ಗಾಜನ್ನು ಹಿಡಿದು ಏರಿಸಿ ಇಳಿಸುವ ಸಾಧನಕ್ಕೆ ರೆಗ್ಯುಲೇಟರ್ ಅನ್ನುತ್ತಾರೆ. ಗಾಜನ್ನು ಅದರಿಂದ ಬಿಡಿಸಿ, ಮೇಲಕ್ಕೆತ್ತಿ, ಟೇಪಿನಿಂದ ಬಾಗಿಲ ಚೌಕಟ್ಟಿಗೆ ಭದ್ರವಾಗಿ ಅಂಟಿಸಿದ ಮೇಲೇ ಮೋಟರ್ ಬೋಲ್ಟಿಗೆ ಕೈ ಹಾಕಿ. ಕತ್ತರಿಯಂತಹ ತೋಳಿನ ರೆಗ್ಯುಲೇಟರ್ ಆದರೆ ಇನ್ನೂ ಎಚ್ಚರ ಬೇಕು. ಅದರಲ್ಲಿ ಸುತ್ತಿಟ್ಟ ಬಲವಾದ ಸ್ಪ್ರಿಂಗ್ ಇರಬಹುದು. ತೋಳನ್ನು ಕ್ಲ್ಯಾಂಪ್ ಹಾಕಿ ಹಿಡಿಸದೆ ಮೋಟರ್ ತೆಗೆದರೆ ಅದು ಸಿಡಿದು ಬೆರಳು ಜಜ್ಜುತ್ತದೆ. ಎಡಗಡೆಯ ಮೋಟರ್ ಬಲಗಡೆಗೆ ಸಾಮಾನ್ಯವಾಗಿ ಕೂರುವುದಿಲ್ಲ, ತರುವಾಗ ಹೇಳಿ ತನ್ನಿ. ಗ್ಯಾರೇಜಿನಲ್ಲಿ ಕೇಳಿದರೆ ಮೋಟರ್, ರೆಗ್ಯುಲೇಟರ್ ಎರಡೂ ಸೇರಿದ ಪೂರ್ತಿ ಅಸೆಂಬ್ಲಿ ಬದಲಿಸಿ ಅನ್ನುತ್ತಾರೆ. ಕೇಬಲ್ ಎಳೆ ಬಿಟ್ಟಿದ್ದರೆ, ರೋಲರ್ ಒಡೆದಿದ್ದರೆ ಸರಿ. ಅದೆಲ್ಲ ಗಟ್ಟಿಯಾಗಿದ್ದು ಮೋಟರ್ ಬಿಡಿಯಾಗಿ ಸಿಗುವುದಾದರೆ ಅಸೆಂಬ್ಲಿ ಯಾಕೆ?

ಈಗ ನನ್ನ ತಪ್ಪಿಗೆ ಬರುತ್ತೇನೆ. ಮೊದಲ ಸಲ ಹಳೆಯದು ತೆಗೆದೆ, ಹೊಸದು ಹಾಕಿದೆ, ಗಾಜು ಏರಿತು, ಖುಷಿಯಾದೆ. ಈ ಸಲ ರೆಗ್ಯುಲೇಟರಿನಿಂದ ಗಾಜನ್ನು ಬಿಡಿಸಿ ಕೈಯಲ್ಲಿ ಮೇಲೆ ಕೆಳಗೆ ಆಡಿಸಿ ನೋಡಿದೆ. ಎರಡು ಕೈ ಹಾಕಿ ಎಳೆಯಬೇಕಾಯಿತು! ಗಾಜು ಓಡುವ ಜಾಡಿನ ರಬ್ಬರ್ ಒಣಗಿ, ಧೂಳು ಕೂತು ಮರಳುಕಾಗದದಂತಾಗಿತ್ತು. ಪಾಪ, ಆ ಸಣ್ಣ ಮೋಟರ್ ದಿನಾ ಇದನ್ನು ಎಳೆದಿದೆ. ಬಿಗಿ ಹೆಚ್ಚಾದಷ್ಟೂ ಅದು ಕರೆಂಟ್ ಜಾಸ್ತಿ ಎಳೆಯುತ್ತದೆ, ಬಿಸಿಯಾಗುತ್ತದೆ. ಬಿಸಿಯಾದಾಗ ತಾನೇ ನಿಂತು, ಆರಿದ ಮೇಲೆ ಓಡುವ ವ್ಯವಸ್ಥೆ ಎಷ್ಟೋ ಮೋಟರುಗಳಲ್ಲಿದೆ. ನನ್ನದು ತಿಂಗಳುಗಟ್ಟಲೆ ಹಾಗೆ ನಿಂತು ನಿಂತು ಓಡುತ್ತಿತ್ತು. ಬಿಸಿಲಿಗೆ ಹೀಗಾಡುತ್ತಿದೆ ಅಂತ ನಾನೇ ಸಮಾಧಾನ ಮಾಡಿಕೊಂಡಿದ್ದೆ.

ಸ್ಟೀಲ್ ಸ್ಕೇಲಿಗೆ ಒದ್ದೆ ಬಟ್ಟೆ ಸುತ್ತಿ ಜಾಡನ್ನು ಉಜ್ಜಿದೆ. ಬಂದ ಕೊಳೆ ನೋಡಿ ನನಗೇ ನಾಚಿಕೆಯಾಯಿತು. ಒಣಗಿದ ಮೇಲೆ ಸಿಲಿಕೋನ್ ಸ್ಪ್ರೇ ಹೊಡೆದೆ. ಇಂಜಿನ್ ಆಯಿಲ್, ಗ್ರೀಸ್ ಹಚ್ಚಬೇಡಿ, ರಬ್ಬರ್ ಉಬ್ಬುತ್ತದೆ, ಧೂಳೂ ಹಿಡಿಯುತ್ತದೆ. ಆಮೇಲೆ ಗಾಜು ಒಂದೇ ಕೈಗೆ ಸರಾಗವಾಗಿ ಜಾರಿತು.

ಬಲಗಡೆ ಗಾಜೂ ಏರುವಾಗ ಸ್ವಲ್ಪ ಮುಲುಗುತ್ತಿದೆ. ಅದಕ್ಕೆ ಮೋಟರ್ ಹುಡುಕಲು ಹೋಗಿಲ್ಲ. ಭಾನುವಾರ ಸ್ಕೇಲು, ಬಟ್ಟೆ ಹಿಡಿದು ಕೂರುತ್ತೇನೆ.