ಕನ್ನಡ ಪತ್ರಿಕೆಗೆ ಗಿರಾಕಿ ಇಲ್ಲ ಎನ್ನುವ ಮೊದಲು

ಕಾಸರಗೋಡು ಜಿಲ್ಲೆಯ ಪೇಟೆಗಳಲ್ಲಿ ಪೇಪರ್ ಅಂಗಡಿಗೆ ಹೋಗಿ ಕನ್ನಡದ ವಾರಪತ್ರಿಕೆಯನ್ನೋ ಮಾಸಿಕವನ್ನೋ ಕೇಳಿದರೆ ಈಚೆಗೆ ಹೆಚ್ಚಾಗಿ ಸಿಗುವ ಉತ್ತರ, "ಅದಕ್ಕೆ ಗಿರಾಕಿ ಇಲ್ಲ, ತರಿಸುವುದನ್ನು ನಿಲ್ಲಿಸಿದ್ದೇವೆ" ಎಂಬುದು. ಕನ್ನಡ ಮಾಧ್ಯಮದ ಶಾಲೆಯಲ್ಲಿ ಪಾಠ ಮಾಡುವವಳಾಗಿ, ಬದಿಯಡ್ಕ, ಕುಂಬಳೆ, ಕಾಸರಗೋಡು ಪೇಟೆಗಳ ಅಂಗಡಿಗಳಿಗೆ ಚಿಕ್ಕಂದಿನಿಂದಲೂ ಪತ್ರಿಕೆಗಾಗಿಯೇ ಹೋಗಿಬಂದವಳಾಗಿ, ಈ ಮಾತನ್ನು ನಾನು ಪೂರ್ತಿ ಒಪ್ಪಲಾರೆ. ಗಿರಾಕಿಗಳಿದ್ದಾರೆ, ಆದರೆ ಅಂಗಡಿಯವರ ಲೆಕ್ಕದಲ್ಲಿ ಅವರು ಕಾಣಿಸುತ್ತಿಲ್ಲ. ಹಾಗೆ ಕಾಣಿಸದಿರುವುದಕ್ಕೆ ಅಂಗಡಿಯವರ ಪಾಲೂ ಇದೆ, ಪತ್ರಿಕೆ ನಡೆಸುವವರ ಪಾಲೂ ಇದೆ, ಓದುಗರ ಪಾಲಂತೂ ಇದ್ದೇ ಇದೆ. ಅದನ್ನು ಸ್ವಲ್ಪ ವಿವರವಾಗಿ ಬರೆಯಬೇಕೆನಿಸಿತು.

ದಕ್ಷಿಣ ಕನ್ನಡ ಜಿಲ್ಲೆಯ ತಾಲೂಕಾಗಿದ್ದ ಕಾಸರಗೋಡು 1956ರ ನವೆಂಬರ್ 1ರಂದು ಕೇರಳಕ್ಕೆ ಸೇರಿತು. ಹುಬ್ಬಳ್ಳಿಯಿಂದ 'ಕಸ್ತೂರಿ' ಹೊರಟದ್ದೂ ಅದೇ ವರ್ಷ. 'ಸುಧಾ' ಬಂದದ್ದು 1965ರಲ್ಲಿ, 'ಮಯೂರ' 1968ರಲ್ಲಿ, ಮಣಿಪಾಲದ 'ಉದಯವಾಣಿ' 1970ರಲ್ಲಿ, 'ತುಷಾರ' 1973ರಲ್ಲಿ, 'ತರಂಗ' 1983ರಲ್ಲಿ. ಅಂದರೆ ನಮ್ಮ ಹಿರಿಯರನ್ನೂ ನಮ್ಮನ್ನೂ ಓದುಗರನ್ನಾಗಿ ಮಾಡಿದ ಪತ್ರಿಕೆಗಳಲ್ಲಿ ಬಹುಪಾಲು ಹುಟ್ಟಿದ್ದೇ ನಾವು ಬೇರೆ ರಾಜ್ಯದವರಾದ ಮೇಲೆ. ಅವು ಸರಕಾರದ ಯಾವ ಯೋಜನೆಯಿಂದಲೂ ನಮ್ಮ ಮನೆಗಳಿಗೆ ಬಂದವುಗಳಲ್ಲ. ಮುಂಜಾನೆ ಗಡಿಯ ತಲಪಾಡಿ ದಾಟಿ ಬರುತ್ತಿದ್ದ ವಾಹನಗಳಲ್ಲಿ ಕಟ್ಟುಕಟ್ಟಾಗಿ ಬಂದು, ಊರಿನ ಏಜೆಂಟರ ಕೈಯಿಂದ ಗೂಡಂಗಡಿಗಳಿಗೆ ಸೇರಿ, ಅಲ್ಲಿಂದ ತೋಟದ ನಡುವಿನ ಮನೆಗಳನ್ನು ತಲುಪಿದವು. ಗಡಿಯ ಈಚೆಗೆ ಕನ್ನಡದ ಓದು ಇಷ್ಟು ಕಾಲ ಉಳಿದದ್ದರಲ್ಲಿ ಶಾಲೆಗಳಿಗೂ ಯಕ್ಷಗಾನಕ್ಕೂ ಸಲ್ಲುವ ಮನ್ನಣೆ ಈ ಅಂಗಡಿಯವರಿಗೂ ಸಲ್ಲಬೇಕು ಎಂದು ನಾನು ದೃಢವಾಗಿ ನಂಬಿದ್ದೇನೆ. ಅವರಲ್ಲಿ ಅನೇಕರ ಮನೆಮಾತು ಮಲಯಾಳ ಎಂಬುದನ್ನೂ ಇಲ್ಲಿ ಹೇಳಲೇಬೇಕು. ಇನ್ನೊಂದು ಸಂಗತಿಯೂ ಉಂಟು: ನನ್ನ ಬಾಲ್ಯದಲ್ಲಿ ನಾವು ಕಾದು ಕೂತು ಓದುತ್ತಿದ್ದ ಮಕ್ಕಳ ಪತ್ರಿಕೆ 'ಬಾಲಮಂಗಳ' ಬರುತ್ತಿದ್ದದ್ದು ಮಂಗಳೂರಿನಿಂದಲ್ಲ, ಕೋಟ್ಟಯಂನ ಮಂಗಳಂ ಸಂಸ್ಥೆಯಿಂದ. ಕೇರಳದ ಪ್ರಕಾಶಕರೊಬ್ಬರು ಕನ್ನಡದ ಮಕ್ಕಳಿಗಾಗಿ ಡಿಂಗನ ಕತೆ ಅಚ್ಚು ಹಾಕಿಸುತ್ತಿದ್ದ ಕಾಲವದು.

ಆ ದಿನಗಳ ಅಂಗಡಿಯ ವ್ಯವಸ್ಥೆ ನನಗೆ ಚೆನ್ನಾಗಿ ನೆನಪಿದೆ. ಮಾಡಿನ ಅಂಚಿಗೆ ಅಡ್ಡವಾಗಿ ಕಟ್ಟಿದ ಹಗ್ಗದಲ್ಲಿ ವಾರಪತ್ರಿಕೆಗಳನ್ನು ಕ್ಲಿಪ್ಪು ಹಾಕಿ ತೂಗಿಸಿರುತ್ತಿದ್ದರು. ಮಲಯಾಳದವು ಒಂದು ಬದಿ, ಕನ್ನಡದವು ಇನ್ನೊಂದು ಬದಿ. ಮುಖಪುಟ ನೋಡಿಯೇ ಹೊಸ ಸಂಚಿಕೆ ಬಂದಿದೆಯೇ ಎಂದು ಬಸ್ಸಿನಲ್ಲಿ ಕುಳಿತೇ ತಿಳಿಯಬಹುದಿತ್ತು. ದಿನಪತ್ರಿಕೆ ಕೊಳ್ಳಲು ಬರುವವರು ಯಾವ ಪುಟವನ್ನು ಮೊದಲು ತೆರೆಯುತ್ತಾರೆ ಎಂಬುದು ಕೂಡ ಅಂಗಡಿಯವರಿಗೆ ಗೊತ್ತಿರುತ್ತಿತ್ತು. ತೋಟದವರು ಅಡಿಕೆ ಧಾರಣೆ ನೋಡುತ್ತಿದ್ದರು: ಹೊಸ ಅಡಿಕೆ ಎಷ್ಟು, ಹಳತು ಎಷ್ಟು, ಕೆಳದರ್ಜೆಯ ಪಟೋರಕ್ಕೆ ಏನು, ಕರಿಗೋಟಿಗೆ ಏನು. ಕೇರಳ, ಕರ್ನಾಟಕ ಎರಡೂ ಕಡೆಯ ಬೆಳೆಗಾರರಿಗಾಗಿ 1973ರಲ್ಲಿ ಆರಂಭವಾದ ಸಹಕಾರಿ ಸಂಸ್ಥೆ ಕ್ಯಾಂಪ್ಕೊದ ದರ ಕನ್ನಡ ಪತ್ರಿಕೆಯಲ್ಲಿ ಬಾರದಿದ್ದರೆ ಆ ದಿನದ ಮಾತುಕತೆಯೇ ಪೂರ್ತಿಯಾಗುತ್ತಿರಲಿಲ್ಲ. ಯಕ್ಷಗಾನದ ಮರುಳಿನವರು ಯಾವ ಮೇಳದ ಬಯಲಾಟ ಇವತ್ತು ಎಲ್ಲಿ ಎಂಬ ಪಟ್ಟಿಯನ್ನು ಹುಡುಕುತ್ತಿದ್ದರು. ಸಾವಿನ ಸುದ್ದಿ, ದೇವಸ್ಥಾನದ ಬ್ರಹ್ಮಕಲಶದ ಸುದ್ದಿ, ಶಾಲಾ ವಾರ್ಷಿಕೋತ್ಸವದ ಸುದ್ದಿ ಎಲ್ಲವೂ ಕಾಸರಗೋಡಿನ ಪುಟದಲ್ಲಿ ಇರುತ್ತಿದ್ದವು. ಮಲಯಾಳ ಪತ್ರಿಕೆಗಳಲ್ಲಿ ಈ ಸುದ್ದಿಗಳಿಗೆ ಅಷ್ಟು ಜಾಗ ಸಿಗುತ್ತಿರಲಿಲ್ಲ.

ಆ ಹಗ್ಗದಲ್ಲಿ ಈಗ ಲಾಟರಿ ಚೀಟಿಗಳಿವೆ. ಇದನ್ನು ನಾನು ಅಂಗಡಿಯವರ ಮೇಲಿನ ದೂರಾಗಿ ಹೇಳುತ್ತಿಲ್ಲ. ಲಾಟರಿ ದಿನವೂ ಮಾರಿಹೋಗುತ್ತದೆ, ಪತ್ರಿಕೆ ಹೋಗುವುದಿಲ್ಲ, ಅವರಿಗೂ ಮನೆ ನಡೆಯಬೇಕು. ರಾಷ್ಟ್ರೀಯ ಹೆದ್ದಾರಿ 66ರ ಅಗಲೀಕರಣದಲ್ಲಿ ರಸ್ತೆ ಬದಿಯ ಎಷ್ಟೋ ಅಂಗಡಿಗಳು ಎದ್ದುಹೋದವು. ಮತ್ತೆ ಕಟ್ಟಿಕೊಂಡವರು ಬೇಕರಿಯನ್ನೋ ಮೊಬೈಲ್ ಅಂಗಡಿಯನ್ನೋ ಮಾಡಿಕೊಂಡರು. ಇದು ಎಲ್ಲ ಊರಿನ ಕತೆಯೂ ಆಗಿರುವುದರಿಂದ ಹೆಚ್ಚು ಬೆಳೆಸುವುದಿಲ್ಲ.

ನನ್ನನ್ನು ನೋಯಿಸಿದ್ದು ಬೇರೆ. ಜಿಲ್ಲೆಯ ಒಂದು ದೊಡ್ಡ ಪೇಟೆಯ ಅಂಗಡಿಯಲ್ಲಿ ವಾರಪತ್ರಿಕೆಯ ಹೆಸರು ಹೇಳಿ ಕೇಳಿದಾಗ, ಅಲ್ಲಿದ್ದ ಯುವಕ ಮೊಬೈಲಿನಿಂದ ಕಣ್ಣೆತ್ತದೆ "ಕನ್ನಡ ಇಲ್ಲ" ಎಂದ. ಇನ್ನೇನು ಹೊರಡಬೇಕೆನ್ನುವಾಗ ಮಲಯಾಳದ ಮಹಿಳಾ ಪತ್ರಿಕೆಗಳ ರಾಶಿಯ ಕೆಳಗೆ ನಾನು ಕೇಳಿದ ಸಂಚಿಕೆಯ ಬೆನ್ನು ಕಾಣಿಸಿತು. ಎಳೆದು ತೆಗೆದು ಹಣ ಕೊಟ್ಟೆ. ಚಿಲ್ಲರೆ ಕೊಟ್ಟನೇ ಹೊರತು ಬೇರೆ ಮಾತಿಲ್ಲ. ಕಟ್ಟು ಬಿಚ್ಚಿದ ಗುರುತೂ ಅದರ ಮೇಲಿತ್ತು, ಯಾರೂ ಮುಟ್ಟಿದ ಹಾಗಿರಲಿಲ್ಲ. ಒಂದು ಪತ್ರಿಕೆಯನ್ನು ಕಾಣದ ಹಾಗೆ ಇಟ್ಟು, ಕೇಳಿದವರಿಗೆ ಇಲ್ಲವೆಂದು ಹೇಳಿ, ತಿಂಗಳ ಕೊನೆಗೆ ಉಳಿದ ಪ್ರತಿಗಳನ್ನು ಎಣಿಸಿ ಗಿರಾಕಿ ಇಲ್ಲವೆಂದು ತೀರ್ಮಾನಿಸಿದರೆ ಆ ಲೆಕ್ಕ ಸರಿಯಾಗುವುದು ಹೇಗೆ? ನನ್ನ ಬದಲು ಒಬ್ಬ ಹೈಸ್ಕೂಲು ಹುಡುಗನೋ ಕನ್ನಡ ಮಾತ್ರ ಓದಬಲ್ಲ ಅಜ್ಜಿಯೋ ಹೋಗಿದ್ದರೆ ಆ ಉತ್ತರ ಕೇಳಿ ಸುಮ್ಮನೆ ಹಿಂದಿರುಗುತ್ತಿದ್ದರು, ಮತ್ತೆ ಆ ಮೆಟ್ಟಿಲು ಹತ್ತುತ್ತಿರಲಿಲ್ಲ.

ಈ ಲೆಕ್ಕ ನಡೆಯುವ ಬಗೆಯನ್ನು ನನಗೆ ಬಿಡಿಸಿ ಹೇಳಿದವರು ನಾನು ಯಾವಾಗಲೂ ಹೋಗುವ ಅಂಗಡಿಯವರು. ಏಜೆಂಟರು ಪ್ರತಿ ಅಂಗಡಿಗೆ ಇಂತಿಷ್ಟು ಪ್ರತಿ ಎಂದು ಕೊಡುತ್ತಾರೆ. ಮಾರಿದ್ದಕ್ಕೆ ಬೆಲೆಯ ಒಂದು ಪಾಲು ಕಮಿಷನ್. ಉಳಿದದ್ದನ್ನು ಹಿಂದಿರುಗಿಸಬಹುದಾದರೂ ಅದಕ್ಕೆ ದಿನದ ಗಡುವಿದೆ. ಗಡುವು ದಾಟಿದರೆ, ಮಳೆಗೆ ನೆನೆದರೆ, ಆ ಪ್ರತಿಯ ಹಣ ಅಂಗಡಿಯವರದ್ದೇ. ಹಾಗಾಗಿ ಒಂದೆರಡು ವಾರ ಪ್ರತಿಗಳು ಉಳಿದವೆಂದರೆ ಮುಂದಿನ ವಾರದಿಂದ ಸಂಖ್ಯೆಯನ್ನು ಇಳಿಸಿಬಿಡುತ್ತಾರೆ. ಇಳಿಸಿದ್ದನ್ನು ಮತ್ತೆ ಏರಿಸುವವರಿಲ್ಲ. "ಟೀಚರೇ, ಐದು ಜನ ಬಂದು ಕೇಳಿ ಹೋದದ್ದು ನನಗೆ ಮಾತ್ರ ಗೊತ್ತಾಗುತ್ತದೆ. ಕಂಪನಿಯವರಿಗೆ ಕಾಣುವುದು ಹಿಂದೆ ಹೋದ ಕಟ್ಟು ಮಾತ್ರ" ಎಂದು ಅವರು ಹೇಳಿದ ಮಾತಿನಲ್ಲಿ ಇಡೀ ಸಮಸ್ಯೆ ಇದೆ ಎಂದು ನನಗನಿಸುತ್ತದೆ. ಕೇಳಿ ಬರಿಗೈಯಲ್ಲಿ ಹೋದ ಓದುಗನನ್ನು ದಾಖಲಿಸುವ ಕಾಲಂ ಯಾವ ಬಿಲ್ಲಿನಲ್ಲಿಯೂ ಇಲ್ಲ.

ಇದೇ ಅಂಗಡಿಯವರ ಒಂದು ನಡೆಯನ್ನು ಇಲ್ಲಿ ಬರೆಯದಿದ್ದರೆ ನನಗೆ ಸಮಾಧಾನವಿರದು. ನಮ್ಮ ಶಾಲೆಯ ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳ ಪದ್ಯ ಭಾನುವಾರದ ಪುರವಣಿಯಲ್ಲಿ ಪ್ರಕಟವಾಗಿತ್ತು. ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಪೇಟೆಯಲ್ಲಿ ಮಲಯಾಳ ಆಡುವ ಮಗು ಅವಳು. ಯಾರೋ ಫೋನಿನಲ್ಲಿ ಚಿತ್ರ ಕಳಿಸಿದ್ದರಿಂದ ವಿಷಯ ತಿಳಿದು, ತಂದೆಯ ಜೊತೆ ಬದಿಯಡ್ಕಕ್ಕೆ ಬರುವಷ್ಟರಲ್ಲಿ ಹತ್ತು ಗಂಟೆ ಕಳೆದಿತ್ತು. ಆ ಪತ್ರಿಕೆಯ ಪ್ರತಿಗಳೆಲ್ಲ ಮುಗಿದಿದ್ದವು. ಅಂಗಡಿಯವರು ಕುಂಬಳೆಯ ಪರಿಚಯದ ಅಂಗಡಿಗೆ ಕರೆ ಮಾಡಿ, ಎರಡು ಪ್ರತಿಗಳನ್ನು ಮುಳ್ಳೇರಿಯದ ಬಸ್ಸಿನ ಕಂಡಕ್ಟರರ ಕೈಯಲ್ಲಿ ಕೊಡಲು ಹೇಳಿದರು. ಸೀತಾಂಗೋಳಿ, ನೀರ್ಚಾಲು ದಾಟಿ ಬಸ್ಸು ಬರುವ ತನಕ ತಂದೆ ಮಗಳಿಬ್ಬರೂ ಅಂಗಡಿಯ ಮುಂದಿನ ಬೆಂಚಿನಲ್ಲಿ ಕುಳಿತಿದ್ದರಂತೆ. ರಬ್ಬರ್ ಬ್ಯಾಂಡ್ ಹಾಕಿ ಸುತ್ತಿದ ಪತ್ರಿಕೆಯನ್ನು ಕಂಡಕ್ಟರ್ ಕಿಟಕಿಯಿಂದಲೇ ಚಾಚಿದಾಗ ಅದನ್ನು ಬಿಡಿಸಿ ಮೊದಲು ಓದಿದವರು ಅಂಗಡಿಯವರಂತೆ. ಕನ್ನಡ ಅಕ್ಷರಗಳನ್ನು ಕೂಡಿಸಿ ಕೂಡಿಸಿ, ಅಂಗಡಿಗೆ ಬಂದವರಿಗೆಲ್ಲ ಕೇಳುವ ಹಾಗೆ ಅವಳ ಹೆಸರನ್ನೂ ಶಾಲೆಯ ಹೆಸರನ್ನೂ ಓದಿದರಂತೆ. ಮರುದಿನ ಆ ಹುಡುಗಿ ತರಗತಿಯಲ್ಲಿ ಇದನ್ನು ಹೇಳಿದ್ದು ಪದ್ಯ ಪ್ರಕಟವಾದ ಸಂತೋಷಕ್ಕಿಂತ ಹೆಚ್ಚಿನ ಸಂತೋಷದಿಂದ.

ಇನ್ನು ಓದುಗರ ವಿಚಾರ. 2011ರ ಜನಗಣತಿಯಲ್ಲಿ ಹದಿಮೂರು ಲಕ್ಷ ದಾಟಿದ ಈ ಜಿಲ್ಲೆಯಲ್ಲಿ ಮಾತೃಭಾಷೆ ಕನ್ನಡ ಎಂದು ಬರೆಸಿದವರು ಸಣ್ಣ ಪಾಲು. ಆದರೆ ತುಳು, ಕೊಂಕಣಿ, ಮರಾಠಿ ಆಡುವ ಅನೇಕ ಮನೆಗಳಲ್ಲಿ ಓದುವುದು ಬರೆಯುವುದು ಕನ್ನಡದಲ್ಲಿಯೇ. ಗಣತಿಯ ಅಂಕಿ ನೋಡಿ ಪತ್ರಿಕೆಯ ಗಿರಾಕಿಗಳನ್ನು ಅಳೆಯುವವರು ಇವರನ್ನೆಲ್ಲ ಬಿಟ್ಟುಬಿಡುತ್ತಾರೆ. ಇಷ್ಟು ಜನ ಇದ್ದೂ ಅಂಗಡಿಯಲ್ಲಿ ಪ್ರತಿ ಉಳಿಯುವುದೇಕೆ? ಬೆಳಗಾಗುವ ಮೊದಲೇ ವಾಟ್ಸ್ಆ್ಯಪ್ ಗುಂಪುಗಳಲ್ಲಿ ಇಡೀ ಪತ್ರಿಕೆಯ ಪಿಡಿಎಫ್ ಹರಿದಾಡುತ್ತದೆ. ಕನ್ನಡದ ಹೋರಾಟದ ಗುಂಪುಗಳಲ್ಲಿಯೇ ಇದು ನಡೆಯುತ್ತದೆ ಎಂಬುದು ನನಗೆ ತೀರ ಬೇಸರದ ಸಂಗತಿ. ಕಚೇರಿಯ ಫಲಕದಲ್ಲಿ ಕನ್ನಡ ಇಲ್ಲವೆಂದು, ಪ್ರಶ್ನೆಪತ್ರಿಕೆ ಕನ್ನಡದಲ್ಲಿ ಬರಲಿಲ್ಲವೆಂದು ನಾವು ಮನವಿ ಕೊಡುತ್ತೇವೆ, ಧರಣಿ ಕೂರುತ್ತೇವೆ. ಅವೆಲ್ಲ ಆಗಲೇಬೇಕಾದ ಕೆಲಸಗಳು. ಅದೇ ಕೈಯಿಂದ ಪುಕ್ಕಟೆ ಪಿಡಿಎಫ್ ಹಂಚಿದರೆ ನಮ್ಮೂರಿನ ಅಂಗಡಿಯಲ್ಲಿ ಕನ್ನಡದ ಒಂದು ಪ್ರತಿ ಆ ದಿನ ಹಿಂದೆ ಹೋಗುತ್ತದೆ. ಇನ್ನು ಕೆಲವರು ಎತ್ತಿಡಲು ಹೇಳಿ ಬರುವುದೇ ಇಲ್ಲ. ಅಂಗಡಿಯವರು ಗಡುವು ದಾಟುವ ತನಕ ಕಾದು ನಷ್ಟ ಮಾಡಿಕೊಂಡರೆ ಎರಡನೆಯ ಸಲ ಯಾರಿಗಾಗಿಯೂ ಎತ್ತಿಡಲಾರರು.

ಪತ್ರಿಕೆ ನಡೆಸುವವರಿಗೂ ಹೇಳುವುದಿದೆ. ಮಂಗಳೂರಿನಿಂದ ಕಾಸರಗೋಡಿಗೆ ಸುಮಾರು 50 ಕಿಲೋಮೀಟರ್ ದಾರಿ. ಇಷ್ಟು ಹತ್ತಿರವಿದ್ದೂ ಒಳನಾಡಿನ ಪೇಟೆಗಳಿಗೆ ವಾರಪತ್ರಿಕೆ ಎರಡು ಮೂರು ದಿನ ತಡವಾಗಿ ಬರುವುದುಂಟು. ಅಷ್ಟರಲ್ಲಿ ಅದರ ಆಯುಷ್ಯ ಅರ್ಧ ಮುಗಿದಿರುತ್ತದೆ. ಗಡಿಯ ಈಚೆಗಿನ ಅಂಗಡಿಗೆ ಉಳಿದ ಪ್ರತಿಗಳನ್ನು ಹಿಂದಿರುಗಿಸಲು ಇನ್ನೊಂದು ವಾರ ಹೆಚ್ಚು ಅವಕಾಶ ಕೊಟ್ಟರೆ, ಬೇಡಿಕೆ ತಿಳಿಯಲು ವರ್ಷಕ್ಕೊಮ್ಮೆಯಾದರೂ ಪ್ರಸರಣ ವಿಭಾಗದವರು ಖುದ್ದಾಗಿ ಪೆರ್ಲ, ಮುಳ್ಳೇರಿಯದ ತನಕ ಬಂದು ಹೋದರೆ, ಎಷ್ಟೋ ಬದಲಾವಣೆ ಆದೀತು. ನಮ್ಮ ಕಣ್ಣೆದುರೇ ಒಂದು ಉದಾಹರಣೆ ಇದೆ. ಪುತ್ತೂರಿನಿಂದ 1988ರಲ್ಲಿ ಆರಂಭವಾದ 'ಅಡಿಕೆ ಪತ್ರಿಕೆ' ಕೃಷಿಕರಿಂದಲೇ ಬರೆಸಿ, ಕೃಷಿಕರಿಗೇ ತಲುಪಿಸಿ ಬೆಳೆಯಿತು. ಅದನ್ನು ದಶಕಗಳ ಕಾಲ ಮುನ್ನಡೆಸಿದ ಶ್ರೀ ಪಡ್ರೆಯವರು ನಮ್ಮ ಎಣ್ಮಕಜೆ ಪಂಚಾಯತಿನ ವಾಣಿನಗರದವರು. ಗಡಿಯ ಊರಿನವರು ತಮಗೆ ಬೇಕಾದದ್ದು ಸಿಕ್ಕಿದರೆ ಹಣ ಕೊಟ್ಟು ಓದುತ್ತಾರೆ ಎಂಬುದಕ್ಕೆ ಇದಕ್ಕಿಂತ ಹೆಚ್ಚಿನ ಸಾಕ್ಷಿ ಬೇಕೆ?

2020ರ ಮಾರ್ಚಿನಲ್ಲಿ ಕೊರೋನಾ ಕಾರಣಕ್ಕೆ ಗಡಿ ರಸ್ತೆಗಳಿಗೆ ಮಣ್ಣು ಸುರಿದು ದಾರಿ ಮುಚ್ಚಿದ ದಿನಗಳನ್ನು ನಮ್ಮವರು ಯಾರೂ ಮರೆತಿಲ್ಲ. ಆಸ್ಪತ್ರೆಗೆ ಹೋಗಲಾಗದೆ ಪಟ್ಟ ಸಂಕಟದ ಮುಂದೆ ಪತ್ರಿಕೆಯ ಮಾತು ಸಣ್ಣದು. ಆದರೂ ಆಗ ಪತ್ರಿಕೆ ನಿಲ್ಲಿಸಿದ ಹಲವು ಮನೆಗಳು ಮತ್ತೆ ಹಾಕಿಸಿಕೊಳ್ಳಲಿಲ್ಲ ಎಂದು ಪೇಪರ್ ಹಾಕುವವರು ಇವತ್ತಿಗೂ ಹೇಳುತ್ತಾರೆ. ಓದುವ ಅಭ್ಯಾಸ ಒಮ್ಮೆ ಕಡಿದರೆ ಮತ್ತೆ ಕೂಡುವುದು ಕಷ್ಟ. ಅದಕ್ಕಾಗಿಯೇ ಊರೂರಿನ ವಾಚನಾಲಯಗಳನ್ನೂ ಈ ಮಾತಿಗೆ ಸೇರಿಸುತ್ತೇನೆ. ಗ್ರಂಥಾಲಯ ಚಳವಳಿ ಕಟ್ಟಿದ ಪಿ. ಎನ್. ಪಣಿಕ್ಕರ್ ಅವರ ನೆನಪಿನಲ್ಲಿ ಜೂನ್ 19ರಂದು ವಾಚನ ದಿನ ಆಚರಿಸುವ ರಾಜ್ಯ ನಮ್ಮದು. ಗ್ರಂಥಾಲಯ ಚಳವಳಿಯಲ್ಲಿ ಕೇರಳದ ಸಾಧನೆಗೆ ನಾನು ತಲೆಬಾಗುತ್ತೇನೆ. ಕನ್ನಡ ಓದುವವರು ಬಂದು ಕೂರುವ ವಾಚನಾಲಯಗಳು ಕನ್ನಡದ ಎರಡು ನಿಯತಕಾಲಿಕಗಳನ್ನಾದರೂ ಅಂಚೆಯ ಚಂದಾದ ಬದಲು ಊರಿನ ಅಂಗಡಿಯಿಂದಲೇ ತರಿಸಿಕೊಂಡರೆ, ಆ ಅಂಗಡಿಗೆ ಪ್ರತಿ ವಾರ ಖಚಿತವಾಗಿ ಮಾರಿಹೋಗುವ ಪ್ರತಿಗಳು ಇರುತ್ತವೆ, ಸಂಖ್ಯೆ ಇಳಿಸುವ ಪ್ರಸಂಗ ಬರುವುದಿಲ್ಲ. ಆಡಳಿತ ಸಮಿತಿಗಳಲ್ಲಿರುವ ಗೆಳೆಯರು ಇದನ್ನು ಮುಂದಿನ ಸಭೆಯಲ್ಲಿ ದಯವಿಟ್ಟು ಪ್ರಸ್ತಾಪಿಸಬೇಕು.

ನಮ್ಮ ಅಂಗಡಿಯವರು ಈ ಸಲ ದೀಪಾವಳಿ ವಿಶೇಷಾಂಕಗಳಿಗಾಗಿ ಒಂದು ನೋಟ್ ಪುಸ್ತಕ ಇಟ್ಟಿದ್ದಾರೆ. ಯಾವ ಪತ್ರಿಕೆ, ಎಷ್ಟು ಪ್ರತಿ, ಯಾರ ಹೆಸರು ಎಂದು ಬರೆಸಿ ಅರ್ಧ ಹಣ ಮುಂಗಡ ಕೊಡಬೇಕು. ಆ ಪುಟವನ್ನು ತೋರಿಸಿಯೇ ಏಜೆಂಟರಲ್ಲಿ ಪ್ರತಿ ಕೇಳುವುದಾಗಿ ಹೇಳಿದ್ದಾರೆ. ನಮ್ಮ ಶಾಲೆಯ ಅಧ್ಯಾಪಕರೆಲ್ಲ ಹೆಸರು ಬರೆಸಿದ್ದೇವೆ. ಬದಿಯಡ್ಕ, ನೀರ್ಚಾಲು ಕಡೆಯವರು ಪೇಟೆಗೆ ಬಂದಾಗ ತಾವೂ ಬರೆಸಬೇಕೆಂದು ಕೇಳಿಕೊಳ್ಳುತ್ತೇನೆ. ಬೇರೆ ಪೇಟೆಯವರು ತಮ್ಮ ತಮ್ಮ ಅಂಗಡಿಯಲ್ಲಿ ಇಂಥದೊಂದು ಪುಸ್ತಕ ಇಡಲು ಹೇಳಬಹುದು. ಬರೆಸಿದ ಮೇಲೆ ಸಂಚಿಕೆ ಬಂದ ವಾರವೇ ಹೋಗಿ ತೆಗೆದುಕೊಳ್ಳಿ, ಉಳಿದ ಅರ್ಧ ಹಣವನ್ನು ಆಗಲೇ ಕೊಟ್ಟುಬಿಡಿ.