ಮರಿಯಾಗದ ಮೊಟ್ಟೆಯನ್ನು ಹೂಳುವ ಮುನ್ನ ಒಡೆದು ನೋಡಿ

ಮನೆಯಲ್ಲಿ ಇನ್‌ಕ್ಯುಬೇಟರ್ ಇಟ್ಟುಕೊಂಡು ಕೋಳಿಮರಿ ಮಾಡಿಸುವವರು, ಇಪ್ಪತ್ತೊಂದು ದಿನ ಕಳೆದರೂ ಅಲುಗಾಡದೆ ಉಳಿದ ಮೊಟ್ಟೆಗಳನ್ನು ಏನು ಮಾಡುತ್ತಾರೆಂಬುದು ನನಗೆ ಚೆನ್ನಾಗಿ ಗೊತ್ತು, ಏಕೆಂದರೆ ನಾಲ್ಕು ಬಾರಿ ನಾನೂ ಅದನ್ನೇ ಮಾಡಿದ್ದೇನೆ. ಮನಸ್ಸು ಕೆಟ್ಟಿರುತ್ತದೆ, ವಾಸನೆ ಬೇರೆ ಶುರುವಾಗಿರುತ್ತದೆ, ಎಲ್ಲವನ್ನೂ ಒಂದು ಚೀಲಕ್ಕೆ ತುಂಬಿ ಗುಂಡಿ ತೋಡಿ ಹೂತುಬಿಡುತ್ತೇವೆ. ಆಮೇಲೆ ಪೆಟ್ಟಿಗೆಯನ್ನು ಬೈಯುತ್ತೇವೆ, ಕರೆಂಟನ್ನು ಬೈಯುತ್ತೇವೆ, ಮೊಟ್ಟೆ ಕೊಟ್ಟವರನ್ನೂ ಬಿಡುವುದಿಲ್ಲ. ಮುಂದಿನ ಸಲ ಉಷ್ಣತೆಯನ್ನು ತುಸು ಏರಿಸಿ, ನೀರನ್ನು ತುಸು ಹೆಚ್ಚಿಸಿ, ಈ ಬಾರಿಯಾದರೂ ಸರಿಹೋದೀತೆಂದು ಕಾಯುತ್ತೇವೆ. ನನ್ನ ಅಭಿಪ್ರಾಯ ತುಸು ಖಾರವಾಗಿಯೇ ಇದೆ: ಒಡೆದು ನೋಡದೆ ಹೂತವರಿಗೆ ದೂರುವ ಹಕ್ಕಿಲ್ಲ. ಉತ್ತರ ಮೊಟ್ಟೆಯೊಳಗೇ ಇತ್ತು, ಅದನ್ನೇ ನಾವು ಮಣ್ಣುಪಾಲು ಮಾಡಿರುತ್ತೇವೆ.

ನನ್ನ ಆ ನಾಲ್ಕು ಬ್ಯಾಚುಗಳಲ್ಲಿ ನಡೆದದ್ದು ಹೆಚ್ಚುಕಡಿಮೆ ಒಂದೇ. 24 ಮೊಟ್ಟೆ ಇಟ್ಟರೆ ಏಳೋ ಎಂಟೋ ಮರಿ ಬರುತ್ತಿದ್ದವು. ಉಳಿದವುಗಳಲ್ಲಿ ಬಹುಪಾಲು ಟಾರ್ಚ್ ಹಿಡಿದಾಗ ಕಪ್ಪಗೆ ತುಂಬಿಕೊಂಡಂತೆ ಕಾಣುತ್ತಿದ್ದವು. ಅಂದರೆ ಮರಿ ಪೂರ್ತಿ ಬೆಳೆದು, ಇನ್ನೇನು ಚಿಪ್ಪು ಒಡೆಯಬೇಕು ಎನ್ನುವಾಗ ಒಳಗೇ ಸತ್ತಿತ್ತು. ಕೇಳಿದವರೆಲ್ಲ ಕೊಟ್ಟ ಉತ್ತರವೂ ಒಂದೇ: ತೇವ ಸಾಲದು, ಪೊರೆ ಒಣಗಿ ಮರಿ ಸಿಕ್ಕಿಹಾಕಿಕೊಂಡಿದೆ, ನೀರು ಹೆಚ್ಚಿಸಿ. ಹೆಚ್ಚಿಸಿದೆ. ಮರಿಗಳ ಸಂಖ್ಯೆ ಇನ್ನೂ ಇಳಿಯಿತು. ಬಹುಶಃ ಇನ್ನೂ ಸಾಲದೇನೋ ಎಂದು ಮತ್ತೊಂದು ಬಟ್ಟಲು ನೀರು ಇಟ್ಟೆ.

ಐದನೆಯ ಬಾರಿ, 24ನೆಯ ದಿನ, ಹಿತ್ತಲಲ್ಲಿ ಹಳೆಯ ಪತ್ರಿಕೆ ಹಾಸಿಕೊಂಡು, ಕೈಗವಸು ಹಾಕಿಕೊಂಡು ಒಂದೊಂದಾಗಿ ಒಡೆದೆ. ಮೊದಲನೆಯದರ ದಪ್ಪ ತುದಿಯ ಚಿಪ್ಪನ್ನು ಚಮಚದ ಹಿಡಿಯಿಂದ ತಟ್ಟಿ ಬಿಡಿಸಿದಾಗ, ಅಲ್ಲಿರಬೇಕಾದ ಗಾಳಿಯ ಜಾಗ ಒಂದು ಸಣ್ಣ ಗುಂಡಿಯಷ್ಟೂ ಇರಲಿಲ್ಲ. ಪೊರೆ ಸೀಳಿದೊಡನೆ ಅಂಟಂಟಾದ ಲೋಳೆ ಹರಿಯಿತು. ಮರಿ ತೊಯ್ದು, ಊದಿಕೊಂಡು, ಚಿಪ್ಪಿನ ಒಳಮೈಗೆ ಒತ್ತಿಕೊಂಡು ಕುಳಿತಿತ್ತು. ಕೊಕ್ಕು ಗಾಳಿಯ ಜಾಗದ ಪೊರೆಯನ್ನು ಮುಟ್ಟಿಯೂ ಇರಲಿಲ್ಲ. ಎರಡನೆಯದೂ ಹಾಗೆಯೇ, ಮೂರನೆಯದೂ ಹಾಗೆಯೇ. ಒಣಗಿ ಸತ್ತವೆಂದು ನಾನು ನಂಬಿದ್ದ ಮರಿಗಳು ನಿಜವಾಗಿ ನೀರು ಹೆಚ್ಚಾಗಿ ಉಸಿರುಕಟ್ಟಿ ಸತ್ತಿದ್ದವು.

ಇದರ ಲೆಕ್ಕ ಸರಳವಾಗಿದೆ. ಮೊಟ್ಟೆಯ ಚಿಪ್ಪಿನಲ್ಲಿ ಸಾವಿರಾರು ಸೂಕ್ಷ್ಮ ರಂಧ್ರಗಳಿದ್ದು, ಕಾವಿಗಿಟ್ಟ ದಿನದಿಂದಲೇ ಒಳಗಿನ ನೀರು ಅವುಗಳ ಮೂಲಕ ಆವಿಯಾಗಿ ಹೊರಹೋಗುತ್ತಿರುತ್ತದೆ, ಹಾಗೆ ತೆರವಾದ ಜಾಗಕ್ಕೆ ದಪ್ಪ ತುದಿಯಲ್ಲಿ ಗಾಳಿ ತುಂಬಿಕೊಳ್ಳುತ್ತದೆ. ಹದಿನೆಂಟನೆಯ ದಿನದ ಹೊತ್ತಿಗೆ ಮೊಟ್ಟೆ ತನ್ನ ಮೊದಲ ತೂಕದಲ್ಲಿ ಶೇಕಡಾ 11ರಿಂದ 13ರಷ್ಟನ್ನು ಕಳೆದುಕೊಂಡಿರಬೇಕು. ಮರಿಯ ಮೊದಲ ಉಸಿರು ಆ ಗಾಳಿಯದೇ; ಕೊಕ್ಕಿನಿಂದ ಒಳಪೊರೆಯನ್ನು ಚುಚ್ಚಿ ಅಲ್ಲಿ ಉಸಿರಾಡಲು ಕಲಿತ ಮೇಲೆಯೇ ಅದು ಚಿಪ್ಪಿಗೆ ಕೈಹಾಕುತ್ತದೆ. ಕೈ ಎಲ್ಲಿಂದ ಬಂತು ಎನ್ನಬೇಡಿ, ಕೊಕ್ಕಿನ ತುದಿಯಲ್ಲಿರುವ ಆ ಚಿಕ್ಕ ಬಿಳಿ ಹಲ್ಲೇ ಅದರ ಕೈ. ಮೊದಲ ಹದಿನೆಂಟು ದಿನ ಪೆಟ್ಟಿಗೆಯಲ್ಲಿ ತೇವ ಮಿತಿಮೀರಿದರೆ ಮೊಟ್ಟೆ ಒಣಗಬೇಕಾದಷ್ಟು ಒಣಗುವುದಿಲ್ಲ, ಗಾಳಿಯ ಜಾಗ ದೊಡ್ಡದಾಗುವುದಿಲ್ಲ, ಮರಿಗೆ ತಿರುಗಲು ಎಡೆಯಿರುವುದಿಲ್ಲ. ತೇವ ತೀರ ಕಡಿಮೆಯಾದರೂ ಮರಿ ಇದೇ ಇಪ್ಪತ್ತನೆಯ ದಿನದ ಸುಮಾರಿಗೆ ಸಾಯುತ್ತದೆ. ಹೊರಗಿನಿಂದ ನೋಡಿದರೆ ಎರಡು ಸಾವುಗಳೂ ಒಂದೇ, ಕಾರಣ ಮಾತ್ರ ಉತ್ತರ ದಕ್ಷಿಣ. ಒಡೆದು ನೋಡಿದರೆ ಗೊಂದಲವೇ ಇಲ್ಲ: ಒಣಗಿ ಸತ್ತ ಮರಿ ಸಣ್ಣದಾಗಿದ್ದು ಗಾಳಿಯ ಜಾಗ ಅಗಲವಾಗಿರುತ್ತದೆ, ಪೊರೆ ಚರ್ಮದಂತೆ ಬಿಗಿದು ಮೈಗೆ ಸುತ್ತಿಕೊಂಡಿರುತ್ತದೆ.

ಹಾಗಾದರೆ ನನ್ನ ತೇವಾಂಶ ಮಾಪಕ 50 ಎಂದು ತೋರಿಸುತ್ತಿದ್ದುದು ಏನು? ಫ್ಯಾನ್ ಇರುವ ಪೆಟ್ಟಿಗೆಯಲ್ಲಿ ಮೊದಲ ಹದಿನೆಂಟು ದಿನಗಳಿಗೆ 45ರಿಂದ 55, ಕೊನೆಯ ಮೂರು ದಿನಗಳಿಗೆ 65ರಿಂದ 70 ಎಂಬ ಲೆಕ್ಕವನ್ನು ನಾನು ಪಾಲಿಸಿಯೇ ಇದ್ದೆ. ಒಂದು ಮುಚ್ಚಳದಲ್ಲಿ ಅಡುಗೆ ಉಪ್ಪನ್ನು ಹಾಕಿ, ಒದ್ದೆ ಮರಳಿನಂತಾಗುವಷ್ಟೇ ನೀರು ಬೆರೆಸಿ, ಮಾಪಕದ ಜೊತೆ ಗಾಳಿಯಾಡದ ಡಬ್ಬಿಯಲ್ಲಿ ಒಂದು ದಿನ ಮುಚ್ಚಿಟ್ಟೆ. ಆ ಡಬ್ಬಿಯೊಳಗಿನ ತೇವಾಂಶ ಶೇಕಡಾ 75ಕ್ಕೆ ನಿಲ್ಲುತ್ತದೆ, ಅದು ಉಪ್ಪಿನ ಗುಣ. ನನ್ನ ಮಾಪಕ 62 ಎಂದಿತು. ಅಂದರೆ ಅದು 50 ಎಂದಾಗ ನಿಜವಾಗಿ ಇದ್ದದ್ದು 63ರ ಆಸುಪಾಸು. ಅದರ ಮೇಲೆ ನಾನು ಹಿತೈಷಿಗಳ ಮಾತು ಕೇಳಿ ಬಟ್ಟಲುಗಟ್ಟಲೆ ನೀರು ಸೇರಿಸಿದ್ದೆ. ಬಟ್ಟಲಿನ ಆಳಕ್ಕೂ ತೇವಾಂಶಕ್ಕೂ ಸಂಬಂಧವಿಲ್ಲವೆಂಬುದೂ ಆಗಲೇ ತಲೆಗೆ ಹೋಯಿತು. ಗಾಳಿಗೆ ತೆರೆದುಕೊಂಡ ನೀರಿನ ಮೇಲ್ಮೈ ಎಷ್ಟು ಅಗಲವಿದೆಯೆಂಬುದೇ ಮುಖ್ಯ. ತಟ್ಟೆಯಂಥ ಅಗಲದ ಪಾತ್ರೆ ಬೆರಳುದ್ದ ನೀರಿನಲ್ಲೇ ಪೆಟ್ಟಿಗೆಯನ್ನು ತೊಯ್ಯಿಸಿಬಿಡುತ್ತದೆ.

ಈಗ ನಾನು ಮಾಪಕಕ್ಕಿಂತ ತಕ್ಕಡಿಯನ್ನು ಹೆಚ್ಚು ನಂಬುತ್ತೇನೆ. ಆರು ಮೊಟ್ಟೆಗಳಿಗೆ ಪೆನ್ಸಿಲಿನಲ್ಲಿ ಗುರುತು ಹಾಕಿ, ಒಟ್ಟಿಗೆ ತೂಗಿ ಬರೆದಿಟ್ಟುಕೊಳ್ಳುತ್ತೇನೆ. ಮೊದಲ ದಿನ 354 ಗ್ರಾಂ ಇದ್ದರೆ ಹದಿನೆಂಟನೆಯ ದಿನಕ್ಕೆ 308ರಿಂದ 315 ಗ್ರಾಂಗೆ ಬಂದಿರಬೇಕು. ಏಳನೆಯ ದಿನ ತೂಗಿದಾಗಲೇ ದಾರಿ ಯಾವ ಕಡೆ ವಾಲುತ್ತಿದೆಯೆಂಬುದು ತಿಳಿಯುತ್ತದೆ, ತಿದ್ದಿಕೊಳ್ಳಲು ಇನ್ನೂ ಹನ್ನೊಂದು ದಿನ ಕೈಯಲ್ಲಿರುತ್ತದೆ.

ತೇವದ ಮಾತು ಉದ್ದವಾಯಿತು, ಆದರೆ ಒಡೆದ ಮೊಟ್ಟೆ ಹೇಳುವುದು ಅದೊಂದನ್ನೇ ಅಲ್ಲ. ಮರಿ ಯಾವ ವಯಸ್ಸಿನಲ್ಲಿ ಸತ್ತಿತೆಂಬುದೇ ಅರ್ಧ ಉತ್ತರ. ಸಾವುಗಳು ಇಪ್ಪತ್ತೊಂದು ದಿನಗಳಿಗೂ ಸಮನಾಗಿ ಹಂಚಿಕೊಂಡಿರುವುದಿಲ್ಲ. ಮೊದಲ ವಾರದಲ್ಲಿ ಒಂದು ಗುಂಪು, ಕೊನೆಯ ಮೂರು ದಿನಗಳಲ್ಲಿ ಇನ್ನೊಂದು ದೊಡ್ಡ ಗುಂಪು, ನಡುವೆ ವಿರಳ. ಅರಿಸ್ಟಾಟಲ್ ಸುಮಾರು 2300 ವರ್ಷಗಳ ಹಿಂದೆ ಕಾವಿನ ಬೇರೆ ಬೇರೆ ದಿನಗಳ ಮೊಟ್ಟೆಗಳಲ್ಲಿ ಮರಿ ಹೇಗೆ ರೂಪುಗೊಳ್ಳುತ್ತದೆಂಬುದನ್ನು ವಿವರಿಸಿ, ಮೂರು ದಿನಗಳಾದಾಗ ಹೃದಯವು ರಕ್ತದ ಚುಕ್ಕೆಯಂತೆ ಮಿಡಿಯುವುದನ್ನು ಬರೆದಿಟ್ಟ. ನಮ್ಮ ಬಳಿ ಟಾರ್ಚ್ ಇದೆ, ಏಳನೆಯ ದಿನ ಕತ್ತಲ ಕೋಣೆಯಲ್ಲಿ ಹಿಡಿದು ನೋಡಿದರೆ ಸಾಕು. ಜೀವವಿರುವ ಮೊಟ್ಟೆಯಲ್ಲಿ ಜೇಡರಬಲೆಯಂತೆ ಹರಡಿದ ನರಗಳು ಕಾಣುತ್ತವೆ. ನರಗಳಿಲ್ಲದೆ ಒಂದು ಕೆಂಪು ಉಂಗುರ ಮಾತ್ರ ಕಂಡರೆ, ಮೊದಲ ಕೆಲವು ದಿನಗಳಲ್ಲೇ ಭ್ರೂಣ ಸತ್ತು ರಕ್ತ ಅಂಚಿಗೆ ಸರಿದಿದೆ ಎಂದರ್ಥ. ಇಂಥವು ಹೆಚ್ಚಾದರೆ ಪೆಟ್ಟಿಗೆಯ ಉಷ್ಣತೆಯನ್ನೂ, ಅದಕ್ಕಿಂತ ಮೊದಲು ಮೊಟ್ಟೆಯನ್ನು ಎಷ್ಟು ದಿನ, ಎಲ್ಲಿ ಇಟ್ಟಿದ್ದಿರೆಂಬುದನ್ನೂ ಅನುಮಾನಿಸಬೇಕು. ಏಳು ದಿನ ದಾಟಿದ ಮೊಟ್ಟೆ ದಿನದಿಂದ ದಿನಕ್ಕೆ ಸೊರಗುತ್ತದೆ; ಬೆಚ್ಚಗಿನ ಕೋಣೆಯಲ್ಲಿಟ್ಟಿದ್ದರಂತೂ ಭ್ರೂಣ ಅರ್ಧಂಬರ್ಧ ಬೆಳೆಯಲು ಹೊರಟು ಅಲ್ಲೇ ನಿಲ್ಲುತ್ತದೆ. 13ರಿಂದ 18 ಡಿಗ್ರಿ ಸೆಲ್ಸಿಯಸ್ ಇರುವ ತಂಪು ಜಾಗ ಬೇಕು, ಚೂಪು ತುದಿ ಕೆಳಗಿರಬೇಕು.

ಏನೂ ಕಾಣದೆ ತಿಳಿಯಾಗಿ ಬೆಳಗುವ ಮೊಟ್ಟೆಗಳು ಹುಂಜದ ಲೆಕ್ಕಕ್ಕೆ ಹೋಗುತ್ತವೆ, ಪೆಟ್ಟಿಗೆಯ ಲೆಕ್ಕಕ್ಕಲ್ಲ. ಇಲ್ಲಿ ಅನೇಕರು ತಪ್ಪು ಗಣಿತ ಮಾಡುತ್ತಾರೆ. 24 ಮೊಟ್ಟೆಗಳಲ್ಲಿ 12 ಮರಿಯಾದವು, ಅರ್ಧಕ್ಕರ್ಧ ನಷ್ಟ ಎಂದು ಅಳುತ್ತಾರೆ. ಅವುಗಳಲ್ಲಿ 8 ಬೀಜವೇ ಕಟ್ಟದ ಮೊಟ್ಟೆಗಳಾಗಿದ್ದರೆ, ಪೆಟ್ಟಿಗೆ 16ರಲ್ಲಿ 12 ಮರಿ ಕೊಟ್ಟಿದೆ, ಅದು ಶೇಕಡಾ 75. ಅದನ್ನು ಬೈಯುವುದು ಅನ್ಯಾಯ. ಹುಂಜ ಮುದಿಯಾಗಿದೆಯೇ, ಹತ್ತು ಹೇಂಟೆಗಳಿಗೆ ಒಂದಾದರೂ ಇದೆಯೇ ಎಂಬುದನ್ನು ನೋಡಬೇಕು. ಆದರೆ ತೀರ ಮೊದಲ ಎರಡು ದಿನಗಳಲ್ಲಿ ಸತ್ತ ಭ್ರೂಣವೂ ಟಾರ್ಚಿಗೆ ತಿಳಿಯಾಗಿಯೇ ಕಾಣುತ್ತದೆಂಬುದನ್ನು ಮರೆಯಬಾರದು. ಅದಕ್ಕೇ ತಿಳಿ ಮೊಟ್ಟೆಯನ್ನೂ ತಟ್ಟೆಗೆ ಒಡೆದು ಹಳದಿಯ ಮೇಲಿನ ಚುಕ್ಕೆ ಬಟ್ಟಿನಷ್ಟು ಹರಡಿದೆಯೇ, ಸಾಸಿವೆಯಷ್ಟೇ ಇದೆಯೇ ಎಂದು ನೋಡುವುದು.

ಎರಡನೆಯ ವಾರದ ಸಾವುಗಳು ನಾಲ್ಕೈದು ಸಿಕ್ಕರೆ ನನಗೆ ಪೆಟ್ಟಿಗೆಗಿಂತ ಹೇಂಟೆಯ ಮೇವಿನ ಮೇಲೆ ಅನುಮಾನ. ತಿನ್ನುವ ಮೊಟ್ಟೆಗೆಂದು ಮಾಡಿದ ಆಹಾರದಲ್ಲಿ ಹೇಂಟೆ ಸುಖವಾಗಿಯೇ ಇರುತ್ತದೆ, ಮೊಟ್ಟೆಯನ್ನೂ ಇಡುತ್ತದೆ. ಆದರೆ ರೈಬೊಫ್ಲೇವಿನ್‌ನಂಥ ವಿಟಮಿನ್ ಮೊಟ್ಟೆಗೆ ಸಾಕಷ್ಟು ಇಳಿಯದಿದ್ದರೆ ಭ್ರೂಣ ನಡುದಾರಿಯಲ್ಲೇ ಸಾಯುತ್ತದೆ. ಒಡೆದಾಗ ಅದರ ತುಪ್ಪಳ ಬಿಡಿಸಿಕೊಳ್ಳದೆ ಗಂಟುಗಂಟಾಗಿ ಸುರುಳಿ ಸುತ್ತಿರುತ್ತದೆ.

ಉಷ್ಣತೆಯ ವಿಷಯದಲ್ಲಿ ಪೆಟ್ಟಿಗೆಯ ಮೇಲೆ ಹೊಳೆಯುವ ಅಂಕಿಯನ್ನು ದೇವರ ವಾಕ್ಯದಂತೆ ನಂಬುವುದನ್ನು ಬಿಡಬೇಕು. ಫ್ಯಾನ್ ಇದ್ದರೆ 37.5 ಡಿಗ್ರಿ, ಫ್ಯಾನ್ ಇಲ್ಲದ ಪೆಟ್ಟಿಗೆಯಲ್ಲಿ ಮೇಲಿನ ಗಾಳಿ ಬಿಸಿ, ಕೆಳಗಿನದು ತಂಪು ಆಗಿರುವುದರಿಂದ ಮೊಟ್ಟೆಯ ನೆತ್ತಿಯ ಮಟ್ಟದಲ್ಲಿ ಅಳೆದು 38.3ರಿಂದ 38.9 ಇರಬೇಕು. ಜ್ವರ ನೋಡುವ ಥರ್ಮಾಮೀಟರನ್ನೂ ಪೆಟ್ಟಿಗೆಯದನ್ನೂ ಒಂದೇ ಲೋಟದ ಉಗುರುಬೆಚ್ಚಗಿನ ನೀರಿನಲ್ಲಿ ಅದ್ದಿ ಹೋಲಿಸಿದರೆ ಸುಳ್ಳು ಹೇಳುತ್ತಿರುವವರು ಯಾರೆಂಬುದು ಎರಡು ನಿಮಿಷದಲ್ಲಿ ಗೊತ್ತಾಗುತ್ತದೆ. ಮರಿಗಳು ಬಂದ ದಿನವೂ ಒಂದು ಥರ್ಮಾಮೀಟರೇ. ಇಪ್ಪತ್ತನೆಯ ದಿನಕ್ಕೇ ಅವಸರವಾಗಿ ಬಂದು ಹೊಕ್ಕುಳು ಸರಿಯಾಗಿ ಮುಚ್ಚಿರದಿದ್ದರೆ ಕಾವು ಹೆಚ್ಚಾಗಿತ್ತು. ಇಪ್ಪತ್ತಮೂರಕ್ಕೆ ಸೋತು ಸುಸ್ತಾಗಿ ಬಂದರೆ ಕಡಿಮೆಯಾಗಿತ್ತು. ದಿನ ಎಣಿಸುವುದರಲ್ಲೇ ತಪ್ಪುವವರೂ ಇದ್ದಾರೆ: ಸೋಮವಾರ ಸಂಜೆ ಇಟ್ಟರೆ ಮಂಗಳವಾರ ಸಂಜೆಗೆ ಒಂದು ದಿನ. ಕರೆಂಟ್ ಹೋದದ್ದಕ್ಕೆ ನಾವು ಪಡುವಷ್ಟು ಗಾಬರಿ ಭ್ರೂಣ ಪಡುವುದಿಲ್ಲ. ಒಂದೆರಡು ಗಂಟೆಯ ತಂಪನ್ನು ಅದು ತಡೆದುಕೊಳ್ಳುತ್ತದೆ, ಹೇಂಟೆಯೂ ಮೇಯಲು ಎದ್ದುಹೋಗುತ್ತದಲ್ಲ. ಮಿತಿಮೀರಿದ ಬಿಸಿಯನ್ನು ಮಾತ್ರ ಅದು ಕ್ಷಮಿಸುವುದಿಲ್ಲ.

ತಿರುಗಿಸುವುದರ ಬಗ್ಗೆ ಹೆಚ್ಚು ಹೇಳುವುದಿಲ್ಲ. ದಿನಕ್ಕೆ ಕನಿಷ್ಠ ಮೂರು ಬಾರಿ, ಬೆಸ ಸಂಖ್ಯೆಯಲ್ಲಿ, ರಾತ್ರಿಯಿಡೀ ಒಂದೇ ಮಗ್ಗುಲಿಗೆ ಮಲಗುವ ಸರದಿ ಬದಲಾಗುವಂತೆ ತಿರುಗಿಸಿ, ಹದಿನೆಂಟಕ್ಕೆ ನಿಲ್ಲಿಸಿದರೆ ಸಾಕು.

ಕೊನೆಯ ಮೂರು ದಿನಗಳಲ್ಲಿ ಕೊಲ್ಲುವುದು ಬಹಳ ಸಲ ನಮ್ಮ ಪ್ರೀತಿಯೇ. ತೇವ ಉಳಿಯಲೆಂದು ಗಾಳಿಯ ಕಿಂಡಿಗಳನ್ನು ಮುಚ್ಚುವವರಿದ್ದಾರೆ. ಮರಿಗಳಿಗೆ ಅತಿ ಹೆಚ್ಚು ಆಮ್ಲಜನಕ ಬೇಕಾದದ್ದು ಆಗಲೇ. ಮೊದಲ ಮರಿ ಬಂದ ಸಂಭ್ರಮಕ್ಕೆ ಮುಚ್ಚಳ ತೆಗೆಯುವವರಿದ್ದಾರೆ. ಆ ಕ್ಷಣಕ್ಕೆ ಒಳಗಿನ ತೇವವೆಲ್ಲ ಹಾರಿಹೋಗಿ, ಆಗಷ್ಟೇ ತೂತು ಮಾಡಿದ ಉಳಿದ ಮರಿಗಳ ಮೇಲೆ ಪೊರೆ ಬಿಗಿಯುತ್ತದೆ. ಮೊದಲ ತೂತಿನಿಂದ ಹೊರಬರುವವರೆಗೆ ಹನ್ನೆರಡರಿಂದ ಇಪ್ಪತ್ತನಾಲ್ಕು ಗಂಟೆ ಹಿಡಿಯುವುದು ಸಹಜ. ಆ ಹೊತ್ತಿನಲ್ಲಿ ಮರಿ ಸುಮ್ಮನೆ ಬಿದ್ದಿರುವಂತೆ ಕಂಡರೂ ಪೊರೆಯ ರಕ್ತನಾಳಗಳು ಬತ್ತುತ್ತಿರುತ್ತವೆ, ಹಳದಿ ಹೊಟ್ಟೆಯೊಳಕ್ಕೆ ಸೇರುತ್ತಿರುತ್ತದೆ. ಸಹಾಯ ಮಾಡುತ್ತೇನೆಂದು ಒಮ್ಮೆ ನಾನು ಚಿಪ್ಪು ಸುಲಿದೆ, ಉಗುರಿನ ತುದಿಯಲ್ಲಿ ಒಂದು ಹನಿ ರಕ್ತ ಕಂಡಿತು, ಕೈ ಹಿಂದೆಗೆದೆ, ಆದರೂ ಆ ಮರಿ ಉಳಿಯಲಿಲ್ಲ.

ಒಡೆಯುವಾಗ ಎಚ್ಚರವೂ ಬೇಕು. ಅವಸರ ಮಾಡದೆ 23 ದಿನವಾದರೂ ಕಾದು, ಟಾರ್ಚ್ ಹಿಡಿದು, ಕಿವಿಗೊಟ್ಟು ಆಲಿಸಿ, ಜೀವವಿಲ್ಲವೆಂದು ಖಾತ್ರಿಯಾದ ಮೇಲೆಯೇ ಒಡೆಯಬೇಕು. ಕೊಳೆತ ಮೊಟ್ಟೆ ಸಿಡಿಯುತ್ತದೆ, ಆದ್ದರಿಂದ ಮನೆಯೊಳಗೆ ಈ ಕೆಲಸ ಬೇಡ. ಮುಗಿದ ಮೇಲೆ ಸೋಪಿನಲ್ಲಿ ಕೈ ತೊಳೆಯಲೇಬೇಕು. ಕೊಳೆತವು ಹೆಚ್ಚಿದ್ದರೆ ಗೂಡಿನ ಹೊಲಸನ್ನೂ, ಮೊಟ್ಟೆಯನ್ನು ತಣ್ಣೀರಿನಲ್ಲಿ ತೊಳೆಯುವ ಅಭ್ಯಾಸವನ್ನೂ ನೋಡಿ. ತಣ್ಣೀರು ಬಿದ್ದೊಡನೆ ಮೊಟ್ಟೆ ಕುಗ್ಗಿ ರಂಧ್ರಗಳಿಂದ ಕೊಳೆಯನ್ನು ಒಳಗೆಳೆದುಕೊಳ್ಳುತ್ತದೆ.

ಆರನೆಯ ಬ್ಯಾಚಿನಲ್ಲಿ ನಾನು ಬದಲಿಸಿದ್ದು ಒಂದೇ, ನೀರಿನ ಬಟ್ಟಲು ಎರಡರಿಂದ ಒಂದಾಯಿತು. ಉಷ್ಣತೆ, ಮೊಟ್ಟೆ ತಂದ ಮನೆ, ಮೇವು ಯಾವುದನ್ನೂ ಮುಟ್ಟಲಿಲ್ಲ, ಮುಟ್ಟಿದ್ದರೆ ಯಾವುದರಿಂದ ಏನಾಯಿತೆಂದು ತಿಳಿಯುತ್ತಿರಲಿಲ್ಲ. 24ರಲ್ಲಿ 17 ಮರಿಗಳಾದವು. ಉಳಿದ ಏಳನ್ನು ಪತ್ರಿಕೆಯ ಮೇಲೆ ಒಡೆದೆ: ನಾಲ್ಕು ಬೀಜವಿಲ್ಲದವು, ಒಂದು ರಕ್ತದುಂಗುರ, ಒಂದು ಕೊನೆಯ ದಿನ ಸತ್ತದ್ದು, ಇನ್ನೊಂದರಲ್ಲಿ ಮರಿಯ ತಲೆ ದಪ್ಪ ತುದಿಗೆ ಬರುವ ಬದಲು ಚೂಪು ತುದಿಯಲ್ಲಿತ್ತು. ಆ ಮೊಟ್ಟೆಯನ್ನು ಇಟ್ಟ ದಿನ ತಟ್ಟೆಯಲ್ಲಿ ತಲೆಕೆಳಗಾಗಿ ಕೂರಿಸಿದವನು ನಾನೇ ಇರಬೇಕು. ನೋಟ್‌ಬುಕ್ಕಿನಲ್ಲಿ ಹಾಗೆಂದೇ ಬರೆದುಕೊಂಡು, ಆಮೇಲೆ ಗುಂಡಿ ತೋಡಿದೆ.